ಹದಿನೈದು ವರ್ಷದ ಮೆಲಿಯೋರ

ಚೆನಾಲ್ಸ್ ಮನೆಯಲ್ಲಿ ಮೆಲಿಯೋರ ಎಂಬ ಹೆಸರಿನ ಹೆಣ್ಣುಮಕ್ಕಳು ಇಬ್ಬರು. ಮೊದಲನೆಯವಳು ಮೂರೂವರೆ ವರ್ಷಕ್ಕೆ ದಡಾರ ಬಂದು ಸತ್ತಳು. ಐದು ತಿಂಗಳ ಮೇಲೆ ಹುಟ್ಟಿದ ಎರಡನೆಯವಳಿಗೂ ಅದೇ ಹೆಸರಿಟ್ಟರು. ಇದರಲ್ಲಿ ಅತಿಶಯವೇನೂ ಇಲ್ಲ. ಕಾರ್ನ್‌ವಾಲಿನ ಗಣಿ ಹಳ್ಳಿಗಳಲ್ಲಿ ದೊಡ್ಡವರ ಅಂಗಿ ಚಿಕ್ಕವರಿಗೆ ಬರುವ ಹಾಗೆ ಸತ್ತವರ ಹೆಸರು ಹುಟ್ಟಿದವರಿಗೆ ಬರುತ್ತಿತ್ತು. ಒಂದೇ ಹೆಸರನ್ನು ಮೂರು ಮಕ್ಕಳಿಗಿಟ್ಟು ಮೂವರನ್ನೂ ಹೂತ ಮನೆಗಳು ಗ್ವೆನಪ್ ಊರೊಂದರಲ್ಲೇ ಬೇಕಾದಷ್ಟಿದ್ದವು.

ಆದರೆ ಅಂಗಿ ತೊಡಿಸಿದ ಮೇಲೆ ಅದು ಮೊದಲು ಯಾರದಾಗಿತ್ತೆಂದು ದಿನಾ ನೆನಪಿಸುವ ತಾಯಿ ಸಿಕ್ಕಿದರೆ ಕಷ್ಟ. ಕೆಜಾಯ ಅಂಥ ತಾಯಿ. ಸತ್ತ ಮಗುವಿಗೆ ಒಂದು ಅನುಕೂಲವಿದೆ: ಅದು ಹಾಲು ಚೆಲ್ಲುವುದಿಲ್ಲ, ಎದುರುತ್ತರ ಕೊಡುವುದಿಲ್ಲ. ಮೊದಲ ಮೆಲಿಯೋರಳ ಒಳ್ಳೆಯ ಗುಣಗಳು ಮಣ್ಣಿನೊಳಗಿದ್ದುಕೊಂಡೇ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಾ ಹೋದವು.

"ಅವಳಿದ್ದಿದ್ರೆ ಇಷ್ಟೊತ್ತಿಗೆ ನೀರು ತಂದಿಟ್ಟು, ಒಲೆ ಹಚ್ಚಿ, ತಮ್ಮಂದಿರ ಮುಖ ತೊಳ್ಸಿ ಕೂರ್ಸಿರೋಳು," ಎನ್ನುತ್ತಿದ್ದಳು ಕೆಜಾಯ.

"ಮೂರು ವರ್ಷದೋಳು ಒಲೆ ಹಚ್ತಿದ್ಲಾ ಅವ್ವ?" ಎಂದು ಹುಡುಗಿ ಒಂದು ಸಲ ಕೇಳಿದ್ದಳು. ಕೆನ್ನೆಗೆ ಬಿದ್ದ ಏಟಿಗೆ ಎರಡನೇ ಸಲ ಕೇಳಲಿಲ್ಲ.

ಕೆಜಾಯಳಿಗೆ ಈ ಹುಡುಗಿಯ ಮೇಲೆ ದ್ವೇಷವೇನೂ ಇರಲಿಲ್ಲ. ಇವಳು ಹೊಟ್ಟೆಯಲ್ಲಿದ್ದಾಗ ಮೊದಲನೆಯವಳು ಹೋದಳು ಎಂಬುದಷ್ಟೇ ಇವಳ ತಪ್ಪು. ಅದನ್ನು ತಪ್ಪೆಂದು ಕೆಜಾಯ ಬಾಯಿಬಿಟ್ಟು ಹೇಳಿದವಳೂ ಅಲ್ಲ. ಆದರೆ ಹನ್ನೊಂದು ವರ್ಷ ಅದನ್ನು ಕೈಯಲ್ಲಿ ಹೇಳಿದ್ದಳು, ಕಣ್ಣಲ್ಲಿ ಹೇಳಿದ್ದಳು.

ಹುಡುಗಿ ಎರಡು ವರ್ಷದಿಂದ ಗಣಿಯ ಮೇಲಿನ ಅಂಗಳದಲ್ಲಿ ಅದಿರು ಕುಟ್ಟುವ ಕೆಲಸಕ್ಕೆ ಹೋಗುತ್ತಿದ್ದಳು. ತಲೆಗೆ ಬಿಳಿ ಟೊಪ್ಪಿಗೆ, ಮುಂದೆ ಗೋಣಿಯ ಏಪ್ರನ್, ಕೈಯಲ್ಲಿ ಸುತ್ತಿಗೆ. ಸುತ್ತಿಗೆ ಅವಳ ತೋಳು, ಭುಜಗಳನ್ನು ದೊಡ್ಡ ಹೆಂಗಸಿನವುಗಳ ಹಾಗೆ ಮಾಡಿತ್ತು. ಹಿಂದಿನಿಂದ ನೋಡಿದವರು ಮದುವೆಗೆ ಬಂದ ಹುಡುಗಿ ಎನ್ನುತ್ತಿದ್ದರು. ಮುಂದಿನಿಂದ ನೋಡಿದರೆ ಮಗುವಿನ ಮುಖ.

ಅಪ್ಪ ಡಿಗರಿ ಚೆನಾಲ್ಸ್ ನೆಲದೊಳಗೆ ತಾಮ್ರ ಕಡಿಯುವವನು. ಭಾನುವಾರ ಊರ ಚರ್ಚಿಗೆ ಸೇರದ ಮೆಥೊಡಿಸ್ಟ್ ಪಂಥದವರ ಚಾಪೆಲ್ಲಿನಲ್ಲಿ ಪ್ರಸಂಗ ಮಾಡುವವನೂ ಹೌದು. ಡಿಗರಿ ಒಂದು ಮಾತು ಹೇಳಿದರೆ ಅದಕ್ಕೆ ಸಾಕ್ಷಿ ಬೇಡ ಎಂದು ಗಣಿಯ ಮೇಲ್ವಿಚಾರಕ ಕ್ಯಾಪ್ಟನ್ನೇ ಹೇಳುತ್ತಿದ್ದ. ಸುಳ್ಳಾಡದವನ ಹೆಂಡತಿಯಾಗಿರುವುದು ಸುಲಭವಲ್ಲ. ಮನೆಗೆ ಬೇಕಾದ ಸುಳ್ಳುಗಳನ್ನೆಲ್ಲ ಕೆಜಾಯ ಒಬ್ಬಳೇ ಹೇಳಬೇಕಾಗುತ್ತಿತ್ತು.

ಆ ವರ್ಷ, ಅಂದರೆ ಸಾವಿರದ ಎಂಟುನೂರ ನಲವತ್ತೇಳರಲ್ಲಿ, ಆಲೂಗಡ್ಡೆ ಎರಡನೇ ಸಲ ನೆಲದಲ್ಲೇ ಕೊಳೆತು ನಾರಿತು. ಗಣಿಯ ತಳಕ್ಕೆ ನೀರು ನುಗ್ಗಿ ಅರ್ಧ ಜನಕ್ಕೆ ಕೆಲಸ ಹೋಯಿತು. ಪೇಸ್ಟಿ ಎಂಬ ಬಾರ್ಲಿ ಹಿಟ್ಟಿನ ಗಟ್ಟಿ ಕಡುಬಿನೊಳಗೆ ಟರ್ನಿಪ್ ಗಡ್ಡೆ ತುಂಬಿ, ಅದನ್ನೂ ನಾಲ್ಕು ಭಾಗ ಮಾಡುವ ಸ್ಥಿತಿ ಬಂತು. ಅತ್ತ ದಕ್ಷಿಣ ಆಸ್ಟ್ರೇಲಿಯಾದ ಬರ್ರಾದಲ್ಲಿ ತಾಮ್ರ ಸಿಕ್ಕಿದೆ, ಮಂಡಿಯಾಳದಲ್ಲೇ ಸಿಗುತ್ತದೆ, ದಿನಾ ಕುರಿಮಾಂಸ ತಿನ್ನುತ್ತೇವೆ ಎಂದು ಹೋದವರಿಂದ ಕಾಗದಗಳು ಬಂದವು. ಬೀದಿಗೆ ಬೀದಿಯೇ ಗಂಟು ಕಟ್ಟತೊಡಗಿತು. ಹಡಗಿನ ಖರ್ಚು ಸರ್ಕಾರದ್ದು, ಆದರೆ ಯಾರನ್ನು ಹತ್ತಿಸಬೇಕು ಯಾರನ್ನು ಬಿಡಬೇಕು ಎಂಬುದೂ ಸರ್ಕಾರದ್ದೇ.

ರೆಡ್ರೂತ್ ಪೇಟೆಯಲ್ಲಿ ಜನ ಸೇರಿಸುವ ಏಜೆಂಟನ ಮುಂದೆ ಗಂಡ ಹೆಂಡತಿ ನಿಂತರು. ಏಜೆಂಟ್ ಡಿಗರಿಯ ಅಂಗೈ ತಿರುಗಿಸಿ ನೋಡಿ ಸಮಾಧಾನಪಟ್ಟ.

"ಮಕ್ಕಳೆಷ್ಟು?"

"ನಾಲ್ಕು ಸ್ವಾಮಿ," ಎಂದ ಡಿಗರಿ.

"ಏಳು ವರ್ಷದೊಳಗಿನವು?"

"ಮೂರು. ಇಬ್ಬರು ಗಂಡು ಹುಡುಗ್ರು, ಒಂದು ಕೈಗೂಸು."

"ಎರಡಕ್ಕಿಂತ ಜಾಸ್ತಿ ಇರೋ ಹಂಗಿಲ್ಲ. ನಿಮ್ಮದು ಒಂದು ಜಾಸ್ತಿ ಆಯ್ತು."

"ಜಾಸ್ತಿ ಆಗಿದ್ದನ್ನ ಎಲ್ಲಿ ವಾಪಸ್ ಹಾಕ್ಲಿ ಸ್ವಾಮಿ?" ಎಂದಳು ಕೆಜಾಯ.

ಏಜೆಂಟ್ ನಕ್ಕ. "ದೊಡ್ಡ ಹುಡುಗಿ ವಯಸ್ಸೆಷ್ಟು? ಮನೆಗೆಲಸಕ್ಕೆ ಬರೋ ವಯಸ್ಸಿನ ಹುಡುಗಿ ಇದ್ರೆ ಏನಾದ್ರೂ ಮಾಡಬಹುದು. ಅಲ್ಲಿ ಹೆಣ್ಣಾಳು ಸಿಗೋದೇ ಇಲ್ಲ."

ಡಿಗರಿ "ಹನ್ನೊ..." ಎನ್ನುವಷ್ಟರಲ್ಲಿ ಕೆಜಾಯ ಅವನ ಪಾದದ ಮೇಲೆ ಕಾಲಿಟ್ಟು ಒತ್ತಿದಳು.

"ಹದಿನೈದು ಸ್ವಾಮಿ. ಮೆಲಿಯೋರ ಅಂತ. ಚರ್ಚಿನ ಪುಸ್ತಕದಲ್ಲಿ ಬರೆದದೆ, ಬೇಕಾದ್ರೆ ತೆಗೆಸಿ ಕೊಡ್ತೀವಿ."

ಮಾತು ಅವಳ ಬಾಯಿಂದ ಬಿದ್ದ ಮೇಲೆಯೇ ಅದು ಎಷ್ಟು ಸಲೀಸೆಂದು ಅವಳಿಗೂ ಹೊಳೆದದ್ದು. ಮೊದಲನೆಯವಳಿಗೆ ಊರ ಚರ್ಚಿನಲ್ಲಿ ದೀಕ್ಷಾಸ್ನಾನವಾಗಿತ್ತು. ಎರಡನೆಯವಳು ಹುಟ್ಟುವ ಹೊತ್ತಿಗೆ ಡಿಗರಿ ಮೆಥೊಡಿಸ್ಟ್ ಆಗಿದ್ದ. ಅವಳದು ಚಾಪೆಲ್ಲಿನಲ್ಲಿ ನಡೆದಿತ್ತು. ಚರ್ಚಿನ ಪುಸ್ತಕದಲ್ಲಿ ಇದ್ದವಳು ಒಬ್ಬಳೇ ಮೆಲಿಯೋರ. ಹೂತವರ ಪಟ್ಟಿ ಬೇರೆ ಪುಸ್ತಕ, ಅದನ್ನು ಯಾರು ಕೇಳುತ್ತಾರೆ?

"ಇಳಿದ ಮೇಲೆ ಒಂದು ವರ್ಷ ಅವಳು ಸರ್ಕಾರ ಹೇಳಿದ ಮನೇಲಿ ಕೆಲಸ ಮಾಡಬೇಕು," ಎಂದ ಏಜೆಂಟ್. "ಕಾಗದ ಸುಳ್ಳಾದ್ರೆ ಅಪ್ಪನಿಗೆ ಜೈಲು. ಮೊದಲೇ ಹೇಳಿದೀನಿ."

ಮನೆಗೆ ಹೋಗುವ ದಾರಿಯಲ್ಲಿ ಡಿಗರಿ ಹೆಂಡತಿಗಿಂತ ಹತ್ತು ಹೆಜ್ಜೆ ಮುಂದೆ ನಡೆದ. ಊರು ಕಾಣಿಸಿದ ಮೇಲೆ ಹೇಳಿದ: "ಮಲಗಿದ್ದ ಮಗೂನ ಎಬ್ಬಿಸಿ ಕೂರಿಸ್ಬಿಟ್ಯಲ್ಲೇ."

"ಸತ್ತವರಲ್ಲಿ ಒಬ್ಬಳಾದ್ರೂ ಮನೆಗೆ ಉಪಯೋಗಕ್ಕೆ ಬರ್ಲಿ ಬಿಡು."

"ಒಂದು ವರ್ಷ ಯಾರ ಮನೆಗೋ ಕಳಿಸ್ಬೇಕಂತೆ."

"ಅಯ್ಯೋ ಮಾರಾಯ, ಸಮುದ್ರದ ಆಚೆ ಹೋದ್ಮೇಲೆ ಯಾರು ಯಾರನ್ನ ಹುಡುಕ್ತಾರೆ? ಇಳಿದ ಕೂಡ್ಲೆ ಗಾಡಿ ಹತ್ತಿ ಬರ್ರಾಕ್ಕೆ ಹೋಗೋದು. ಆ ಕಾಗದ ಹಡಗಿನ ಇಲಿ ತಿನ್ಕೊಳ್ಳಿ."

"ನನ್ನ ಬಾಯಲ್ಲಿ ಆ ಸುಳ್ಳು ಬರಲ್ಲ ಕೆಜಾಯ."

"ನೀನು ಬಾಯಿ ಮುಚ್ಕೊಂಡಿರು, ಅಷ್ಟು ಸಾಕು. ದೇವರು ಕೇಳಿದ್ರೆ ನನ್ನನ್ನ ತೋರ್ಸು."

ಮರುದಿನದಿಂದ ಪಾಠ ಶುರುವಾಯಿತು. ಕೆಜಾಯ ಮರದ ಸೌಟು ಹಿಡಿದು ಕೂತಳು. ಹುಟ್ಟಿದ್ದು ಯಾವ ವರ್ಷ, ಯಾವ ತಿಂಗಳು, ಯಾವ ಪಾದ್ರಿ ನೀರು ಹಾಕಿದ್ದು. ತಪ್ಪಿದರೆ ಗೆಣ್ಣಿನ ಮೇಲೆ ಒಂದು. ಹುಡುಗಿ ಚುರುಕು, ನಾಲ್ಕು ಏಟಿಗೆ ಎಲ್ಲ ಬಾಯಿಗೆ ಬಂತು. ಆದರೆ ಒಂದು ಅವಳಿಗೆ ಅರ್ಥವಾಗಲಿಲ್ಲ.

"ನಾನು ಅವಳಾದ್ರೆ, ನಾನೇನಾದೆ ಅವ್ವ?"

"ನೀನಾ? ನೀನು ಸತ್ತೆ. ದಡಾರ ಬಂದು ಸತ್ತೆ. ಯಾರಾದ್ರೂ ಕೇಳಿದ್ರೆ ಹಂಗೇ ಹೇಳು."

ಹುಡುಗಿ ಗೆಣ್ಣು ಉಜ್ಜಿಕೊಂಡಳು. ಆಮೇಲೆ, "ನಾನು ಸತ್ತಾಗ ನೀನು ಅತ್ಯಾ ಅವ್ವ?" ಎಂದು ಕೇಳಿದಳು.

ಕೆಜಾಯ ಮುಂದಿನ ಪ್ರಶ್ನೆ ಕೇಳಿದಳು.

ಪ್ಲಿಮತ್ತಿನಲ್ಲಿ ಹಡಗು ಹತ್ತುವಾಗ ಕೆಜಾಯಳಿಗೆ ಮೊದಲ ಪೆಟ್ಟು ಬಿತ್ತು. ಹದಿನಾಲ್ಕು ದಾಟಿದ ಹೆಣ್ಣುಮಕ್ಕಳೆಲ್ಲ ಹಡಗಿನ ಹಿಂಭಾಗದಲ್ಲಿ, ಹಲಗೆ ಗೋಡೆಯ ಆಚೆ, ಮೇಟ್ರನ್ ಒಬ್ಬಳ ಸುಪರ್ದಿಯಲ್ಲಿ. ಸಂಸಾರಸ್ಥರು ನಡುವೆ. ಈಚಿನವರು ಆಚೆ ಹೋಗುವಂತಿಲ್ಲ, ತಾಯಿಯಾದರೂ. ಹಾಲುಹಲ್ಲು ಬಿದ್ದ ಜಾಗ ಇನ್ನೂ ಸರಿಯಾಗಿ ತುಂಬದ ಹುಡುಗಿ ತನ್ನ ಗಂಟು ಎತ್ತಿಕೊಂಡು, ಇಪ್ಪತ್ತು ಇಪ್ಪತ್ತೈದರ ಹೆಂಗಸರ ಜೊತೆ ಸಾಲಿನಲ್ಲಿ ಇಳಿದುಹೋದಳು. ಚಿಕ್ಕ ತಮ್ಮ, "ಅಕ್ಕ ನಮ್ಮ ಜೊತೆ ಮಲಗಲ್ವಾ?" ಎಂದು ಕೇಳಿದ. ಕೆಜಾಯ ಅವನ ಬಾಯಿ ಮುಚ್ಚಿದಳು.

ಆಚೆಯ ಸುದ್ದಿಗಳು ಹಲಗೆಯ ಸಂದಿಯಿಂದ ಬರುತ್ತಿದ್ದವು. ಮೊದಲ ವಾರ ಹುಡುಗಿ ಹಾಸಿಗೆ ಒದ್ದೆ ಮಾಡಿಕೊಂಡಳಂತೆ. ಹೆಂಗಸರೆಲ್ಲ ಸೇರಿ ಅವಳ ಅಂಗಿ ಬಿಚ್ಚಿ, "ಹದಿನೈದಂತೆ, ಎದೆ ಮನೇಲೇ ಮರೆತು ಬಂದಿದಾಳೆ!" ಎಂದು ನಕ್ಕರಂತೆ. ಭಾನುವಾರದ ಪ್ರಾರ್ಥನೆಗೆ ಮೇಲೆ ಬಂದಾಗ ಅವಳು ತಾಯಿಯನ್ನು ಹುಡುಕಿ ಓಡಿ ಬಂದು ಅವಳ ಲಂಗದ ಅಂಚು ಹಿಡಿದಳು.

"ಅವ್ವ, ನಂಗೆ ಹನ್ನೊಂದು ಅಂತ ಹೇಳ್ಬಿಡವ್ವ. ನಾನು ಈಕಡೆ ಬರ್ತೀನಿ. ನೆಲದ ಮೇಲೆ ಮಲಗ್ತೀನಿ."

"ಬಾಯ್ಮುಚ್ಚು. ಅಪ್ಪನ್ನ ಜೈಲಿಗೆ ಹಾಕಿಸ್ತೀಯಾ?"

ಮೂರು ಭಾನುವಾರ ಓಡಿ ಬಂದಳು. ನಾಲ್ಕನೆಯ ಭಾನುವಾರ ನಡೆದು ಬಂದಳು.

ಸೆಖೆಯ ಕಡಲು ಬರುವ ಹೊತ್ತಿಗೆ ಕೈಗೂಸಿಗೆ ಭೇದಿ ಹತ್ತಿತು. ಎಫ್ರಾಯಿಮ್ ಎಂದು ಅದರ ಹೆಸರು, ಎಂಟು ತಿಂಗಳು. ಐದು ದಿನ ನರಳಿ ಆರನೆಯ ದಿನ ಬೆಳಗ್ಗೆ ಹೋಯಿತು. ಸರ್ಕಾರದ ಲೆಕ್ಕದಲ್ಲಿ ಜಾಸ್ತಿಯಾಗಿದ್ದ ಒಂದು, ತಾನಾಗಿ ಕಡಿಮೆಯಾಯಿತು. ಈಗ ಅವರಿಗೆ ಏಳರೊಳಗಿನ ಮಕ್ಕಳು ಎರಡೇ. ಹುಡುಗಿಗೆ ಹನ್ನೊಂದಾದರೂ ಏನೂ ಅಡ್ಡಿ ಇರಲಿಲ್ಲ. ಸುಳ್ಳಿನ ಅಗತ್ಯ ಕಡಲಿನ ಮಧ್ಯೆ ತೀರಿತ್ತು, ಸುಳ್ಳು ಮಾತ್ರ ಉಳಿದಿತ್ತು.

ಕ್ಯಾನ್ವಾಸಿನಲ್ಲಿ ಸುತ್ತಿದ ಕೂಸನ್ನು ಹಲಗೆಯ ಮೇಲಿಂದ ಕಡಲಿಗೆ ಜಾರಿಸುವಾಗ ಮೇಟ್ರನ್ ಹುಡುಗಿಯನ್ನು ಕರೆತಂದಳು. ಅವಳು ತಾಯಿಯ ಪಕ್ಕ ನಿಂತು ಕೈ ಹಿಡಿಯಲು ಹೋದಳು. ಕೆಜಾಯ ತಿರುಗಿ ನೋಡಿದಳು. ಎದುರಿಗೆ ದಪ್ಪ ತೋಳಿನ, ಗಟ್ಟಿಮುಟ್ಟಾದ, ಜೀವಂತ ಮಗಳು. ಆ ಜೀವವನ್ನು ಕಂಡೇ ಅವಳಿಗೆ ತಡೆಯಲಾಗಲಿಲ್ಲ.

"ಸಾಯೋದಾದ್ರೆ ನೀನು ಸಾಯಬಾರದಿತ್ತೇನೇ?"

ಸುತ್ತ ನಿಂತವರು ತಲೆ ತಗ್ಗಿಸಿದರು. ದುಃಖದಲ್ಲಿ ಬಂದ ಮಾತು ಎಂದುಕೊಂಡರು. ಅದು ದುಃಖದಲ್ಲಿ ಬಂದದ್ದೂ ಹೌದು, ಹನ್ನೊಂದು ವರ್ಷ ಒಳಗಿದ್ದದ್ದೂ ಹೌದು. ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡು ಮೇಟ್ರನ್ ಪಕ್ಕಕ್ಕೆ ಹೋಗಿ ನಿಂತಳು.

ಅಲ್ಲಿಂದ ಮುಂದೆ ಅವಳು ತಾಯಿಯ ಹತ್ತಿರ ಬರಲಿಲ್ಲ. ಕೂದಲು ಮೇಲಕ್ಕೆ ಕಟ್ಟಿದಳು, ಯಾರದೋ ಉದ್ದ ಲಂಗ ಕೇಳಿ ತೊಟ್ಟಳು, ಹೆಂಗಸರ ಜೊತೆ ಸಾಲಾಗಿ ಕೂತು ಅವರಂತೆಯೇ ಒರಟಾಗಿ ನಗುವುದನ್ನು ಕಲಿತಳು. ದೂರದಿಂದ ನೋಡಿದರೆ ಈಗ ಹದಿನೈದೇ. ಕೆಜಾಯ ಬೇಯಿಸಿದ ಹಿಟ್ಟಿನುಂಡೆ ಕಳಿಸಿದರೆ ಅದು ಹಾಗೇ ವಾಪಸ್ ಬರುತ್ತಿತ್ತು.

ವಿಚಿತ್ರವೆಂದರೆ ಕೆಜಾಯಳಿಗೆ ಆ ಮಗಳು ಬೇಕೆನಿಸಿದ್ದು ಆಗಲೇ. ಮೊಲೆಹಾಲು ಬತ್ತುತ್ತಾ, ಖಾಲಿ ಮಡಿಲು ನೋಡಿಕೊಳ್ಳುತ್ತಾ ಕೂತವಳಿಗೆ, ಹಲಗೆಯ ಆಚೆ ಇರುವುದು ತನ್ನ ಮಗಳು, ಹೆಸರು ಯಾರದಾದರೇನು ಹೊಟ್ಟೆ ತನ್ನದು ಎಂಬುದು ನಿಧಾನವಾಗಿ ತಲೆಗೆ ಹೋಯಿತು. ಹೆತ್ತ ಹನ್ನೊಂದು ವರ್ಷದ ಮೇಲೆ ಅವಳು ಆ ಹುಡುಗಿಯನ್ನು ಪ್ರೀತಿಸಿದಳು. ಇಳಿದ ದಿನವೇ ಅವಳ ಕೈ ಹಿಡಿದು ಗಾಡಿ ಹತ್ತಬೇಕು, ಬರ್ರಾದಲ್ಲಿ ತನ್ನ ಪಕ್ಕದಲ್ಲೇ ಮಲಗಿಸಿಕೊಳ್ಳಬೇಕು, ಇನ್ನು ಒಂದು ಏಟು ಹಾಕಬಾರದು. ಬೇರೆ ಯಾವ ಆಸೆಯೂ ಅವಳಿಗಿರಲಿಲ್ಲ.

ಡಿಸೆಂಬರ್ ಮೊದಲ ವಾರ ಪೋರ್ಟ್ ಅಡಿಲೇಡಿನಲ್ಲಿ ಇಳಿದರು. ಉಪ್ಪು ಕೆಸರು, ಬೆಂಕಿಯಂಥ ಬಿಸಿಲು, ಬಾಯಿಗೇ ನುಗ್ಗುವ ನೊಣ. ಬಂದರಿನ ಶೆಡ್ಡಿನಲ್ಲಿ ಸರ್ಕಾರದ ಅಧಿಕಾರಿ ಮೇಜಿನ ಹಿಂದೆ ಕೂತಿದ್ದ. ಅವನ ಮುಂದಿದ್ದದ್ದು ಪ್ಲಿಮತ್ತಿನಿಂದ ಅದೇ ಹಡಗಿನಲ್ಲಿ ಬಂದ ಪಟ್ಟಿ. ಇಲಿಗಳು ಅದನ್ನು ಮುಟ್ಟಿರಲಿಲ್ಲ. ಆಳು ಬೇಕಾದ ಯಜಮಾನತಿಯರು ಗೋಡೆಗೆ ಒರಗಿ ಬೀಸಣಿಗೆ ಆಡಿಸುತ್ತಾ ಸಾಲಿನಲ್ಲಿದ್ದ ಹುಡುಗಿಯರನ್ನು ನೋಡುತ್ತಿದ್ದರು.

"ಮೆಲಿಯೋರ ಚೆನಾಲ್ಸ್. ಹದಿನೈದು. ಮನೆಗೆಲಸ."

ಹೆಬ್ಡನ್ ಎಂಬ ಹೆಂಗಸು ಮುಂದೆ ಬಂದು ಹುಡುಗಿಯ ತೋಳು ಹಿಚುಕಿ ನೋಡಿದಳು. ಮರ್ರೆ ನದಿಯ ಆಚೆ ಅವಳ ಗಂಡನಿಗೆ ಕುರಿಗಳಿದ್ದವು. "ಗಟ್ಟಿಯಾಗಿದಾಳೆ. ನಮ್ಮಲ್ಲಿ ಗಂಡಾಳು ಹದಿನಾಲ್ಕು ಜನ, ಹೆಂಗಸು ಅಂತ ನಾನೊಬ್ಬಳೇ. ಬೇಯಿಸಿ ಹಾಕೋಕೆ, ಬಟ್ಟೆ ಒಗೆಯೋಕೆ ಇಂಥವಳೇ ಬೇಕು. ಇವಳನ್ನ ಬರ್ಕೊಳ್ಳಿ."

ಬರ್ರಾ ಉತ್ತರಕ್ಕೆ, ಮರ್ರೆ ನದಿ ಪೂರ್ವಕ್ಕೆ ಎಂದು ಕೆಜಾಯಳಿಗೆ ಗೊತ್ತಿತ್ತು. ಗಂಡಾಳು ಹದಿನಾಲ್ಕು ಎಂಬ ಮಾತೊಂದೇ ಅವಳ ಕಿವಿಯಲ್ಲಿ ನಿಂತಿತು. ಜನರನ್ನು ತಳ್ಳಿಕೊಂಡು ಮೇಜಿಗೆ ಬಂದಳು.

"ಅವಳಿಗೆ ಹನ್ನೊಂದು ವರ್ಷ ಸ್ವಾಮಿ! ಮಗು ಅದು! ಹದಿನೈದಲ್ಲ, ಹನ್ನೊಂದು!"

ಅಧಿಕಾರಿ ಕಾಗದ ತೆಗೆದು ನಿಧಾನವಾಗಿ ಓದಿದ. ಕೆಟ್ಟ ಮನುಷ್ಯನಲ್ಲ, ಊಟದ ಹೊತ್ತಾಗಿತ್ತು ಅಷ್ಟೇ.

"ಚರ್ಚಿನ ಮೊಹರು ಇದೆ. ಇದು ಸುಳ್ಳಾ?"

"ಅದು ಮೊದಲನೇ ಮಗಳದು ಸ್ವಾಮಿ. ಅವಳು ಸತ್ತಳು. ಇವಳು ಎರಡನೆಯವಳು."

"ಅಂದ್ರೆ ನಿನ್ನ ಗಂಡ ಸುಳ್ಳು ಕಾಗದ ಕೊಟ್ಟು ಹಡಗು ಹತ್ತಿದಾನೆ. ಎಲ್ಲಿ ಅವನು?"

ಡಿಗರಿ ಇಬ್ಬರು ಹುಡುಗರನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು ಬಂದ. ಟೋಪಿ ತೆಗೆದ. ಕೆಜಾಯ ಅವನನ್ನು ನೋಡಿ ನಿಜಕ್ಕೂ ಸಮಾಧಾನಪಟ್ಟಳು. ಈ ಮನುಷ್ಯನ ಬಾಯಲ್ಲಿ ಸುಳ್ಳು ಬರುವುದಿಲ್ಲ. ಜೈಲಾದರೆ ಆಗಲಿ, ಹಿಟ್ಟು ಬೀಸಿ ಮಕ್ಕಳನ್ನು ಸಾಕುತ್ತೇನೆ ಎಂದು ಆ ಕ್ಷಣಕ್ಕೆ ಅವಳು ಲೆಕ್ಕ ಹಾಕಿಯೂ ಮುಗಿದಿತ್ತು.

ಡಿಗರಿ ಕಿರಿಯ ಹುಡುಗನ ತಲೆಯ ಮೇಲೆ ಕೈಯಿಟ್ಟು, ಚಾಪೆಲ್ಲಿನಲ್ಲಿ ಮಾತಾಡುವ ದನಿಯಲ್ಲೇ ಮಾತಾಡಿದ.

"ಕ್ಷಮಿಸಬೇಕು ಸ್ವಾಮಿ. ನಾನು ದೇವರ ವಾಕ್ಯ ಹೇಳೋನು. ಹಡಗಿನಲ್ಲಿ ನಮ್ಮ ಕೂಸು ಹೋಯ್ತು, ಡಾಕ್ಟರನ್ನ ಕೇಳಿ. ಆವತ್ತಿಂದ ನನ್ನ ಹೆಂಡ್ತಿಗೆ ಯಾರಿದಾರೆ ಯಾರಿಲ್ಲ ಅನ್ನೋದು ತಿಳೀತಿಲ್ಲ. ಈ ಹುಡುಗಿ ದೊಡ್ಡವಳು. ಚಿಕ್ಕವಳು ಒಬ್ಬಳಿದ್ದಳು, ಬಹಳ ಹಿಂದೆ ತೀರ್ಕೊಂಡ್ಲು. ಅವಳಿದ್ದಿದ್ರೆ ಈಗ ಹನ್ನೊಂದು."

ಒಂದು ಸುಳ್ಳನ್ನೂ ಆಡದೆ ನಲವತ್ತು ವರ್ಷ ಕೂಡಿಟ್ಟ ನಂಬಿಕೆಯನ್ನು ಅವನು ಒಂದೇ ಸಲಕ್ಕೆ ಖರ್ಚು ಮಾಡಿದ. ಅದು ಪೂರ್ತಿ ಸಾಕಾಯಿತು. ಶೆಡ್ಡಿನಲ್ಲಿ ಒಬ್ಬಿಬ್ಬರು ಅಯ್ಯೋ ಪಾಪ ಎಂದರು. ಊರಿನವರೂ ಇಬ್ಬರಿದ್ದರು ಅಲ್ಲಿ, ನಿಜ ಗೊತ್ತಿದ್ದವರು. ಅವರ ಮಕ್ಕಳ ಕಾಗದಗಳೂ ಹೆಚ್ಚುಕಡಿಮೆ ಇಂಥವೇ, ಆದ್ದರಿಂದ ನೆಲ ನೋಡಿದರು.

"ಡಿಗರಿ!" ಎಂದಳು ಕೆಜಾಯ. "ಏನ್ ಹೇಳ್ತಿದೀಯೋ ನೀನು? ನಿನ್ನ ಮಗಳು ಕಣೋ!"

ಅವನು ಅವಳ ಕಡೆ ತಿರುಗಲಿಲ್ಲ. ಅಧಿಕಾರಿ ಹುಡುಗಿಯನ್ನು ಕರೆದ. "ನೀನೇ ಹೇಳಮ್ಮ. ಹೆದರಬೇಡ. ನಿಜ ಯಾವುದು?"

ಕೆಜಾಯ ಮಗಳ ಮುಂದೆ ಹೋಗಿ ನಿಂತು ಎರಡೂ ಭುಜ ಹಿಡಿದಳು. "ಹೇಳು ನನ್ನವ್ವ. ನೀನು ಯಾರು ಅಂತ ಹೇಳು. ನಾವು ಮನೆಗೆ ಹೋಗಣ."

ಹುಡುಗಿ ತಾಯಿಯ ಮುಖವನ್ನೇ ನೋಡುತ್ತಾ ಮಾತಾಡಿದಳು.

"ಅಪ್ಪ ಹೇಳಿದ್ದೇ ನಿಜ ಸ್ವಾಮಿ. ಚಿಕ್ಕವಳು ದಡಾರ ಬಂದು ಸತ್ತಳು. ನಾನು ಪಕ್ಕದಲ್ಲೇ ಇದ್ದೆ." ಅಷ್ಟಕ್ಕೆ ನಿಲ್ಲಿಸದೆ, "ಅವ್ವ ಅವಳನ್ನ ತುಂಬ ಹಚ್ಕೊಂಡಿದ್ಲು," ಎಂದಳು.

ಕೆಜಾಯಳ ಕೈಗಳು ಅವಳ ಭುಜದಿಂದ ಜಾರಿದವು. ಕೂಗಾಟ ನಿಂತಿತು. ಸಿಟ್ಟು ಬಂದಿದ್ದರೆ ಬೈಯಬಹುದಿತ್ತು, ಆದರೆ ಸಿಟ್ಟು ಬರಲಿಲ್ಲ, ನಾಚಿಕೆ ಬಂತು. ಇಷ್ಟು ಜನರ ಮುಂದೆ ಮಗಳು ತನ್ನನ್ನು ಹೊಡೆದಳು, ಯಾರಿಗೂ ಅದು ಕಾಣಿಸಲಿಲ್ಲ.

ಅಧಿಕಾರಿ ಕರುಣೆಯಿಂದಲೇ ಹೇಳಿದ: "ಇಷ್ಟೆಲ್ಲ ಗಲಾಟೆ ಆದ್ಮೇಲೆ ತಾಯಿ ಗುರುತೂ ಬೇಕಾಗುತ್ತೆ. ಇಲ್ಲಿ ಒಂದು ಗೀಟು ಹಾಕಮ್ಮ. ಹಾಕಲ್ಲ ಅಂದ್ರೆ ಕಾಗದ ಎಲ್ಲ ಮೊದಲಿಂದ ತೆಗೆದು ನೋಡಬೇಕು, ನಿನ್ನ ಗಂಡ ಇಲ್ಲೇ ಇರಬೇಕಾಗುತ್ತೆ."

ಇಬ್ಬರು ಹುಡುಗರೂ ಅಪ್ಪನ ಕಾಲು ಹಿಡಿದು ಅಳುತ್ತಿದ್ದರು. ಕೆಜಾಯ ಲೇಖನಿ ಹಿಡಿದು ನಿಂತಳು. ಮಸಿ ಒಂದು ಹನಿ ಮೇಜಿನ ಮೇಲೆ ಬಿತ್ತು.

"ಹಾಕವ್ವ," ಎಂದಳು ಹುಡುಗಿ. "ಗಾಡಿ ಕಾಯ್ತಾ ಇದೆ."

ಕೆಜಾಯ ಗೀಟು ಹಾಕಿದಳು.

ಹೊರಗೆ ಎತ್ತಿನ ಗಾಡಿಯಲ್ಲಿ ಹಿಟ್ಟಿನ ಮೂಟೆ, ಟೀ ಪೆಟ್ಟಿಗೆ ತುಂಬಿತ್ತು. ಹುಡುಗಿ ಮೂಟೆಗಳ ಮೇಲೆ ಹತ್ತಿ, ಶೆಡ್ಡಿಗೆ ಬೆನ್ನು ಮಾಡಿ ಕೂತಳು. ಹಿಂದಿನಿಂದ ನೋಡಿದರೆ ದೊಡ್ಡ ಹೆಂಗಸು. ಶ್ರೀಮತಿ ಹೆಬ್ಡನ್ ಹತ್ತುವ ಮೊದಲು ಕೆಜಾಯ ಓಡಿ ಬಂದು ಅವಳ ತೋಳು ಹಿಡಿದಳು. ಹುಚ್ಚಿ ಮತ್ತೆ ಕೂಗುತ್ತಾಳೆಂದು ಆ ಹೆಂಗಸು ಹಿಂದೆ ಸರಿದಳು. ಆದರೆ ಕೆಜಾಯ ಕೂಗಲಿಲ್ಲ, ಹೆಂಗಸರು ಹೆಂಗಸರ ಜೊತೆ ಮಾತಾಡುವ ಸಣ್ಣ ದನಿಯಲ್ಲಿ ಹೇಳಿದಳು.

"ಅಮ್ಮೋರೆ, ಅವಳಿನ್ನೂ ಮೈನೆರೆದಿಲ್ಲ. ಅವಳಿಗೆ ಏನೂ ಗೊತ್ತಿಲ್ಲ, ನಾನು ಹೇಳಿಕೊಟ್ಟಿಲ್ಲ. ಆದಾಗ ರಕ್ತ ನೋಡಿ ಸಾಯ್ತೀನಿ ಅಂತ ಹೆದರ್ಕೊತಾಳೆ. ನೀವು ಸ್ವಲ್ಪ ಹೇಳಿ."

ಶ್ರೀಮತಿ ಹೆಬ್ಡನ್ ಗಾಡಿಯ ಮೇಲಿದ್ದ ಬೆನ್ನನ್ನು ಒಂದು ಸಲ ನೋಡಿದಳು, ಕೆಜಾಯಳನ್ನು ಒಂದು ಸಲ ನೋಡಿದಳು. ಎಲ್ಲ ಅವಳಿಗೆ ಅರ್ಥವಾಯಿತು. ಆಳು ಸಿಗುವುದು ಎಷ್ಟು ಕಷ್ಟ ಎಂಬುದೂ ಅವಳಿಗೆ ಗೊತ್ತಿತ್ತು.

"ಹದಿನೈದಕ್ಕೂ ಆಗಿಲ್ವಾ?" ಎಂದಳು, ಕೈ ಬಿಡಿಸಿಕೊಳ್ಳುತ್ತಾ. "ಒಳ್ಳೇದೇ ಆಯ್ತು ಬಿಡು. ಒಂದು ರಗಳೆ ಕಡಿಮೆ."

ಗಾಡಿಯವನು ಎತ್ತು ಹೊಡೆದ, ಗಾಡಿ ಪೂರ್ವದ ದಾರಿ ಹಿಡಿಯಿತು.